ಗೀಟಿಲ್ಲದ ಗುರುತು

“ಗಟ್ಟಿಯಾಗಿ ಹಿಡ್ಕೊಳ್ಳೇ, ಉರುಳಿ ಕೆಳಗೆ ಬಿದ್ದಾನು,” ಎನ್ನುತ್ತ ಆಲ್ಬೆರ್ಟಿನಾ ಸತ್ತವನ ಕೋಟಿನ ಬೆನ್ನಿಗೆ ಕತ್ತರಿ ಹಾಕಿದಳು. ಕೆಳ ಅಂಚಿನಿಂದ ಕಾಲರಿನವರೆಗೆ ಬಟ್ಟೆ ಬಿಚ್ಚಿಕೊಂಡಿತು. ಒಂದು ತೋಳು ಹೇಗೋ ತೂರಿತ್ತು, ಇನ್ನೊಂದು ಮೊಣಕೈ ದಾಟಿರಲಿಲ್ಲ. ಇಸೌರಾ ಚಿಕ್ಕಪ್ಪನ ಭುಜವನ್ನು ಎದೆಗೆ ಒತ್ತಿ ಹಿಡಿದು, ಅವನ ಭಾರಕ್ಕೆ ತಾನೂ ವಾಲುತ್ತಿದ್ದಳು.

“ಮೂವತ್ತು ತುಂಬಿದ ವರ್ಷವೇ ಹೊಲಿಸಿಟ್ಟ ಕೋಟು ಕಣೇ ಇದು. ದರ್ಜಿ ಅಳತೆ ತಗೊಳ್ಳೋಕೆ ಬಂದ್ರೆ, ಒಂದು ಗೇಣು ಕಮ್ಮಿ ಹಿಡಿ ಮಾರಾಯ, ನಾನು ಹೋಗೋ ಹೊತ್ತಿಗೆ ಇಷ್ಟು ಇರಲ್ಲ ಅಂದಿದ್ನಂತೆ. ಈಗ ನೋಡು ಹೊಟ್ಟೆನ! ನಮ್ಮ ಪಾದ್ರಿಗೂ ಇಲ್ಲ ಇಂಥಾದ್ದು.”

“ಚಿಕ್ಕಮ್ಮ, ಮೆಲ್ಲಗೆ. ಹೊರಗೆ ಜನ ಇದ್ದಾರೆ.”

“ಇರಲಿ ಬಿಡು. ಕೇಳಿಸ್ಕೊಳ್ಳಲಿ.”

ಆಲ್ಬೆರ್ಟಿನಾ ಇಸೌರಾಳಿಗೆ ಯಾವ ಸಂಬಂಧದಲ್ಲೂ ಚಿಕ್ಕಮ್ಮ ಅಲ್ಲ. ಎದುರು ಮನೆಯ ವಿಧವೆ, ಮೀನು ಮಾರಿ ಮಕ್ಕಳನ್ನು ಬೆಳೆಸಿದವಳು. ಒಂದು ಕಾಲದಲ್ಲಿ, ಸತ್ತು ಮಲಗಿದ ಈ ಫಿರ್ಮೀನುವಿಗೆ ಹೆಂಡತಿಯಾಗಬೇಕಿತ್ತು, ಆಗಲಿಲ್ಲ. ಇಸೌರಾ ಮಾತು ಕಲಿತಾಗಿನಿಂದ ಅವಳನ್ನು ಚಿಕ್ಕಮ್ಮ ಎಂದೇ ಕರೆದಳು, ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಫಿರ್ಮೀನು ನಿನ್ನೆ ಬೆಳಿಗ್ಗೆ ಬಲೆಗೆ ಗಂಟು ಹಾಕುತ್ತ ಕೂತವನು ಹಾಗೆಯೇ ಮುಂದಕ್ಕೆ ಬಗ್ಗಿದ. ಎದೆ ನಿಂತಿತು ಎಂದರು ವೈದ್ಯರು. ಎಪ್ಪತ್ತರ ಹತ್ತಿರದ ಮುದುಕನಿಗೆ ಅದು ಒಳ್ಳೆಯ ಸಾವು. ಆದರೆ ನಮ್ಮ ಬೀದಿಗೆ ಅದೇ ಬಿಡಿಸಲಾಗದ ಒಗಟಾಗಿತ್ತು. ಫಿರ್ಮೀನು ಸಾಯಬೇಕಾದದ್ದು ಎದೆಯಿಂದ ಅಲ್ಲ, ಪಾದದಿಂದ. ಅದೂ ಕೂದಲು ನರೆಯುವ ಎಷ್ಟೋ ಮೊದಲು.

ಪಾದದ ಬೇನೆಯನ್ನು ನೋಡದವರು ಕಡಲ ದಡದ ನಮ್ಮ ಪೋವೋವಾದ ಮೀನುಗಾರರಲ್ಲಿ ಯಾರೂ ಇಲ್ಲ. ಮೂವತ್ತರ ಆಸುಪಾಸಿನವರೆಗೆ ಅದರ ಸುಳಿವೇ ಇರುವುದಿಲ್ಲ. ಆಮೇಲೆ ಒಂದು ದಿನ ಪಾದಕ್ಕೆ ಬಿಸಿ ಯಾವುದು, ತಣ್ಣನೆಯದು ಯಾವುದು ತಿಳಿಯದಾಗುತ್ತದೆ. ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಗೊತ್ತಾಗುವುದಿಲ್ಲ. ಮರಗಟ್ಟಿದ್ದು ಮೊಣಕಾಲಿಗೆ ಏರುತ್ತದೆ, ಹೊಟ್ಟೆ ನಿಲ್ಲುವುದಿಲ್ಲ, ಮೈ ಕರಗುತ್ತದೆ, ಹತ್ತು ವರ್ಷದೊಳಗೆ ಆಳು ಮುಗಿಯುತ್ತಾನೆ. ಫಿರ್ಮೀನುವಿನ ತಾತ ಹಾಗೆ ಹೋದ, ಅಪ್ಪನೂ ಹಾಗೆಯೇ ಹೋದ. ಇಬ್ಬರೂ ಅವರವರ ಅಪ್ಪಂದಿರಿಗೆ ಕಿರಿಮಕ್ಕಳು.

ನಮ್ಮಲ್ಲಿ ಮನೆಯ ಗುರುತು ಕಿರಿಮಗನಿಗೆ ಸಲ್ಲುತ್ತದೆ. ದೋಣಿಯ ಹುಟ್ಟು, ಬಲೆಯ ಬೆಂಡು, ಬಾಗಿಲು, ಗೋರಿ ಎಲ್ಲದರ ಮೇಲೂ ಚಾಕುವಿನಿಂದ ಕೆತ್ತುವ ಗುರುತು ಅದು. ಹಿರಿಯ ಮಗ ಅದಕ್ಕೆ ಒಂದು ಗೀಟು ಸೇರಿಸಿ ತನ್ನದು ಮಾಡಿಕೊಳ್ಳುತ್ತಾನೆ, ಎರಡನೆಯವನು ಎರಡು ಗೀಟು. ಕಿರಿಯವನಿಗೆ ಮಾತ್ರ ಅಪ್ಪನ ಗುರುತು ಗೀಟಿಲ್ಲದೆ ಹಾಗೆಯೇ ಬರುತ್ತದೆ. ಮನೆಯೂ ಅವನಿಗೇ, ಮುದಿ ತಾಯಿಯೂ ಅವನಿಗೇ. ಈ ಮನೆಯಲ್ಲಿ ಬೇನೆಯೂ ಅವನಿಗೇ ಎಂದು ಬೀದಿ ತೀರ್ಮಾನಿಸಿಬಿಟ್ಟಿತ್ತು. ಗೀಟು ಬಿದ್ದವನು ಪಾರು, ಗೀಟಿಲ್ಲದವನು ಹೊರಟ. ತಾತನ ಅಣ್ಣಂದಿರಿಗೆ, ಅಪ್ಪನ ಅಣ್ಣಂದಿರಿಗೆ ಬೇನೆ ಬಂದಿತ್ತೇ? ಇಲ್ಲವಲ್ಲ! ಅವರೆಲ್ಲ ಮೀಸೆ ಬಲಿಯುವ ಮೊದಲೇ ಕಡಲಿಗೆ ಹೋಗಿ ಮರಳದವರು, ಅವರ ಪಾದ ಏನು ಹೇಳುತ್ತಿತ್ತೋ ಕೇಳಲು ಯಾರಿಗೂ ಸಮಯವೇ ಸಿಗಲಿಲ್ಲ ಎಂಬುದು ನಮ್ಮ ಜಾಣರ ತಲೆಗೆ ಹೋಗಲಿಲ್ಲ.

ಫಿರ್ಮೀನುವಿನ ಅಣ್ಣ ಕುಸ್ತೋದಿಯು ಗೀಟಿನವನು. ಇಸೌರಾಳ ಅಪ್ಪ. ಅವನೂ ಐವತ್ತು ತುಂಬುವ ಮೊದಲೇ ಕಡ್ಡಿಯಾಗಿ ಸತ್ತ. ಅದನ್ನು ಬೀದಿ ಹೆಂಡದ ತಲೆಗೆ ಕಟ್ಟಿತು.

ಹೊರಗೆ ಮರ ಕಿರುಗುಟ್ಟಿತು. ಇಸೌರಾಳ ತಮ್ಮ ರಾವುಲ್ ಬಾಗಿಲ ಮೇಲಿನ ಹಲಗೆಯನ್ನು ಹಾರೆಯಿಂದ ಕೀಳುತ್ತಿದ್ದ. ಅದರಲ್ಲಿ ಕೆತ್ತಿದ್ದು ಮನೆಯ ಗುರುತು: ಕೊಕ್ಕೆಯಂತೆ ಬಾಗಿದ ಗೆರೆ, ಅದರ ಮೇಲೊಂದು ಕತ್ತರಿ ಗುರುತು. ತಾತನ ಕಾಲದಿಂದ ಅಲ್ಲೇ ಇದ್ದದ್ದು.

“ಏನೋ ಮಾಡ್ತಿದೀಯ?” ಎಂದು ಇಸೌರಾ ಹೊರಗೆ ಬಂದಳು.

“ಚಿಕ್ಕಪ್ಪನ ಜೊತೆ ಇದೂ ಹೋಗ್ಲಿ ಅಕ್ಕ. ಮಕ್ಕಳಿಲ್ಲ ಮರಿಯಿಲ್ಲ, ಇದನ್ನ ಯಾರು ತಗೋತಾರೆ? ನನ್ನ ಮಗನಿಗಂತೂ ಬೇಡಪ್ಪಾ. ಮಣ್ಣಿಗೆ ಹಾಕಿದ್ರೆ ಬೇನೆನೂ ಮಣ್ಣಾಯ್ತು.”

ಬೀದಿಯಲ್ಲಿ ನಿಂತಿದ್ದ ದೋನಾ ಎರ್ಮೆಲಿಂದಾ ಶಿಲುಬೆಯ ಗುರುತು ಹಾಕಿಕೊಂಡಳು. ಎರಡು ದೋಣಿಗಳ ಒಡತಿ, ಅದಕ್ಕೇ ಊರಿನ ಬಾಯಲ್ಲಿ ಗೌರವದ ದೋನಾ. ಅವಳ ಮಗನಿಗೂ ಇಸೌರಾಳ ಮಗಳು ಸಿದಾಲಿಯಾಗೂ ಬರುವ ತಿಂಗಳು ಮದುವೆ. ಅವಳು ಹತ್ತಿರ ಬಂದು ಇಸೌರಾಳ ಕೈ ಹಿಡಿದಳು.

“ಒಳ್ಳೆ ಕೆಲಸ ಮಾಡ್ತಿದ್ದಾನೆ ನಿನ್ನ ತಮ್ಮ. ಮುಚ್ಚುಮರೆ ಯಾಕೆ ಹೇಳು, ಈ ಮನೆ ಹೆಸರು ಕೇಳಿದಾಗ ನಮ್ಮ ಯಜಮಾನ್ರು ಹೌಹಾರಿಬಿಟ್ಟಿದ್ರು. ಇಲ್ಲಾರೀ, ಅವರು ಗೀಟಿನ ಕಡೆಯೋರು, ಹುಡುಗಿಗೆ ಏನೂ ಇಲ್ಲ ಅಂತ ನಾನೇ ಒಪ್ಪಿಸಿದ್ದು.”

ಇಸೌರಾ ಹಲಗೆಯ ಕಡೆ ನೋಡುತ್ತ “ಹೂಂ,” ಎಂದಳು. ಆ ಒಂದು ಹೂಂಗೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

*

ನಲವತ್ತು ವರ್ಷದ ಹಿಂದಿನ ಮಾತು. ಆಲ್ಬೆರ್ಟಿನಾ ಆಗ ತಲೆಯ ಮೇಲೆ ಮೀನು ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ಸುತ್ತುವ ಹುಡುಗಿ. ದೋಣಿ ದಡಕ್ಕೆ ಬಂದ ಮೇಲೆ ಮರಳಿನಲ್ಲಿ ಮೀನನ್ನು ಸಮನಾಗಿ ಗುಡ್ಡೆ ಮಾಡುತ್ತಿದ್ದರು. ಪ್ರತಿಯೊಬ್ಬನೂ ತನ್ನ ಗುರುತು ಕೆತ್ತಿದ ಬೆಂಡಿನ ಚೂರನ್ನು ಒಂದು ಟೋಪಿಗೆ ಹಾಕಬೇಕು. ದಾರಿಹೋಕ ಯಾರನ್ನಾದರೂ ಕರೆದು, ನೋಡದೆ ಒಂದೊಂದೇ ಎತ್ತಿ ಗುಡ್ಡೆಗೆ ಒಂದರಂತೆ ಇಡಿಸುತ್ತಿದ್ದರು. ಯಾರ ಬೆಂಡು ಯಾವ ಗುಡ್ಡೆಗೆ ಬಿತ್ತೋ ಅದು ಅವನ ಪಾಲು. ಜಗಳವಿಲ್ಲ, ತಕರಾರಿಲ್ಲ.

ಒಂದು ದಿನ ಫಿರ್ಮೀನು ತನ್ನ ಪಾಲನ್ನೆಲ್ಲ ತಂದು ಅವಳ ಬುಟ್ಟಿಗೆ ಸುರಿದ.

“ದುಡ್ಡು ಬೇಡ. ಇದು ಕೊನೇದು,” ಎಂದ.

“ಏನು ಕೊನೇದು?”

“ನನಗೆ ಈ ಚಳಿಗಾಲಕ್ಕೆ ಮೂವತ್ತಾಗುತ್ತೆ. ಅಪ್ಪನಿಗೆ ಶುರುವಾಗಿದ್ದೂ ಆಗಲೇ.”

“ಬರಲಿ ಬಿಡು. ನಾನಿಲ್ವಾ ನೋಡ್ಕೊಳ್ಳೋಕೆ?”

“ನಮ್ಮಮ್ಮನೂ ಇದೇ ಮಾತು ಅಂದಿದ್ಲಂತೆ. ಮಗು ಥರ ಹೊತ್ತು ಹೊತ್ತು ಅವಳ ಸೊಂಟ ಮುರೀತು. ಹೋಗಲಿ, ಹುಟ್ಟೋ ಮಕ್ಕಳಲ್ಲಿ ಕಡೇದಕ್ಕೆ ಏನಂತ ಹೇಳ್ತೀಯ?”

“ಒಂದೇ ಹೆತ್ತರಾಯ್ತು.”

“ಒಂದೇ ಆದ್ರೆ ಅದೇ ತಾನೆ ಕಡೇದು?”

ಆಲ್ಬೆರ್ಟಿನಾಗೆ ನಗು ಬಂತು, ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಾಗದೆ ಬುಟ್ಟಿಯ ಮೀನನ್ನೆಲ್ಲ ಅವನ ಕಾಲ ಮೇಲೆ ಕೊಡವಿ ಹೊರಟುಹೋದಳು. ಮರುವರ್ಷ ಅವಳಿಗೆ ಬೇರೆ ಕಡೆ ಮದುವೆಯಾಯಿತು. ಆ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನು ಕುಸ್ತೋದಿಯು. ಅವನಿಗೇನು, ಗೀಟು ಬಿದ್ದವನು. ಹೆಂಡತಿ, ಮಕ್ಕಳು, ವಾರಕ್ಕೊಂದು ಜಗಳ, ಜಗಳಕ್ಕೊಂದು ರಾಜಿ. ಕಾಲು ಜೋಮು ಹಿಡಿದಾಗಲೂ ದೋಣಿಯ ತಂಡಿ ಎಂದು ನಕ್ಕ. ಸಾಯುವವರೆಗೂ ಅವನಿಗೆ ತನಗೇನಾಗಿದೆ ಎಂದು ತಿಳಿದಿರಲಿಲ್ಲ.

ಫಿರ್ಮೀನು ಮಾತ್ರ ಸಾವಿನ ಕೋಟನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ನುಸಿ ಗುಳಿಗೆ ಇಟ್ಟು ಮಡಚುತ್ತಿದ್ದ. ದಿನಾ ಬೆಳಿಗ್ಗೆ ಬಲೆಯ ಸೂಜಿಯಿಂದ ಕಾಲಿನ ಹೆಬ್ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದ. ನೋವಾದರೆ ಕೆಲಸಕ್ಕೆ ಹೊರಡುತ್ತಿದ್ದ. ಹೊಸ ದೋಣಿ ಕಟ್ಟಿಸಲಿಲ್ಲ, ಸೋರುವ ಸೂರಿಗೆ ಹೆಂಚು ಬದಲಿಸಲಿಲ್ಲ. ಇನ್ನೆಷ್ಟು ದಿನ ಎಂಬುದೇ ಎಲ್ಲದಕ್ಕೂ ಅವನ ಉತ್ತರವಾಗಿತ್ತು. ನಲವತ್ತಾಯಿತು, ಐವತ್ತಾಯಿತು. ತಡವಾಗಿ ಬರುವುದೂ ಉಂಟು ಎಂದು ಯಾರೋ ಹೇಳಿದರು. ಅದನ್ನೂ ನಂಬಿಕೊಂಡು ಕಾದ.

*

ಹಲಗೆಯನ್ನು ಶವಪೆಟ್ಟಿಗೆಯೊಳಗೆ ಫಿರ್ಮೀನುವಿನ ಮಗ್ಗುಲಿಗೆ ಇಟ್ಟು ಮುಚ್ಚಿದರು. ಮೆರವಣಿಗೆ ಹೊರಟಾಗ ಕಡಲಿನಿಂದ ಚಳಿಗಾಳಿ ಬೀಸುತ್ತಿತ್ತು, ಕಪ್ಪು ಶಾಲುಗಳು ಮುಖಕ್ಕೆ ಬಡಿಯುತ್ತಿದ್ದವು. ಹಿಂದೆ ಗಂಡಸರಿಬ್ಬರು ಗುಸುಗುಸು ಮಾತಾಡುತ್ತಿದ್ದರು.

“ಬೇನೆಯೋನು ಇಷ್ಟು ವರ್ಷ ಬದುಕೋದುಂಟಾ?”

“ಹರಕೆ ಹೊತ್ತಿದ್ನೇನೋ. ಇಲ್ಲಾ ಅವನ ಬೇನೆ ಅವನ ಹಾಗೇ ಸೋಮಾರಿ ಇರಬೇಕು.”

ಪಕ್ಕದಲ್ಲಿ ನಡೆಯುತ್ತಿದ್ದ ಸಿದಾಲಿಯಾ ಅಮ್ಮನ ತೋಳು ಹಿಡಿದುಕೊಂಡಳು. ಇಪ್ಪತ್ತರ ಹುಡುಗಿ, ಅತ್ತು ಅತ್ತು ಮೂಗು ಕೆಂಪಾಗಿತ್ತು. ಮುದುಕ ಅವಳಿಗೆ ತಾತನಿಗಿಂತ ಹೆಚ್ಚಾಗಿದ್ದ.

“ಅಮ್ಮಾ, ನಿನ್ನ ಶೂ ಹಿಮ್ಮಡಿ ಮಡಚ್ಕೊಂಡಿದೆ. ಚುಚ್ಚಲ್ವಾ?”

ಇಸೌರಾ ಬಗ್ಗಿ ನೋಡಿದಳು. ಶೂವಿನ ಹಿಂಭಾಗವನ್ನು ಎಷ್ಟು ದೂರದಿಂದ ತುಳಿಯುತ್ತಿದ್ದಳೋ, ಹಿಮ್ಮಡಿಯ ಕಾಲುಚೀಲ ಹರಿದು ರಕ್ತ ಬಂದಿತ್ತು. “ಆತುರದಲ್ಲಿ ಹಾಕ್ಕೊಂಡೆ,” ಎಂದು ಸರಿಮಾಡಿಕೊಂಡಳು. ಮಗಳು ಏನೂ ಅನುಮಾನಿಸದೆ ಮೂಗು ಒರೆಸಿಕೊಂಡಳು. ಗೀಟಿನ ಕಡೆಯ ಹುಡುಗಿಗೆ ಅನುಮಾನ ಯಾಕೆ ಬರಬೇಕು?

*

ಕಳೆದ ವರ್ಷ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಇಸೌರಾಳ ಚಪ್ಪಲಿಯನ್ನು ಜೊತೆಯವಳೊಬ್ಬಳು ಹಿಂದಿನಿಂದ ಎತ್ತಿ ತಂದು ಕೊಟ್ಟಿದ್ದಳು. ಅದನ್ನು ಇಸೌರಾ ಹೇಳಿಕೊಂಡದ್ದು ಫಿರ್ಮೀನುವಿಗೆ ಮಾತ್ರ. ಗಂಡ ದೂರದ ಕಡಲಿನ ಹಡಗಿನಲ್ಲಿದ್ದ, ತಮ್ಮ ಕೇಳಿದರೆ ಕಿರುಚಾಡುತ್ತಿದ್ದ. ಮುದುಕ ಟೋಪಿ ಹಾಕಿಕೊಂಡು ಅವಳ ಜೊತೆ ಪೋರ್ಟೊ ನಗರದ ಆಸ್ಪತ್ರೆಗೆ ಹೊರಟ. ಅಲ್ಲಿ ಇಬ್ಬರ ರಕ್ತವನ್ನೂ ತೆಗೆದುಕೊಂಡರು.

ಎರಡನೆಯ ಸಲ ಹೋದಾಗ ವೈದ್ಯೆ, ಇನ್ನೂ ಚಿಕ್ಕ ವಯಸ್ಸಿನವಳು, ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

“ನಮ್ಮ ಮೈಯ ಕಣಕಣದಲ್ಲೂ ವರ್ಣತಂತುಗಳು ಅಂತ ಇರ್ತವೆ, ಜೋಡಿ ಜೋಡಿಯಾಗಿ. ಪ್ರತಿ ಜೋಡೀಲೂ ಒಂದು ಅಪ್ಪಂದು, ಒಂದು ಅಮ್ಮಂದು. ನಿಮ್ಮ ಮನೆ ತೊಂದರೆ ಇರೋದು ಹದಿನೆಂಟನೇ ಜೋಡೀಲಿ. ಹೆತ್ತವರು ತಮ್ಮ ಜೋಡೀಲಿ ಒಂದನ್ನ ಮಾತ್ರ ಮಗುಗೆ ಕೊಡೋದು. ಕೆಟ್ಟದ್ದು ಬಂದ್ರೆ ನರ ಹಾಳಾಗೋಕೆ ಅದೊಂದೇ ಸಾಕು. ಒಳ್ಳೇದು ಬಂತೋ, ಅಲ್ಲಿಗೆ ಮುಗೀತು.”

ಫಿರ್ಮೀನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ. “ಹಿರಿಯ, ಕಿರಿಯ ಅಂತ ನೋಡಲ್ವಾ ಅದು?”

“ಇಲ್ಲ ತಾತ. ಗಂಡು, ಹೆಣ್ಣು ಅಂತಾನೂ ನೋಡಲ್ಲ.”

“ಟೋಪಿಗೆ ಬೆಂಡು ಹಾಕಿ ಎತ್ತಿದ ಹಾಗೆ.”

ವೈದ್ಯೆಗೆ ಅರ್ಥವಾಗಲಿಲ್ಲ; ಅವನು ವಿವರಿಸಿದ ಮೇಲೆ ತಲೆದೂಗಿದಳು. “ಹೌದು, ಹಾಗೇ. ಆದ್ರೆ ಒಂದೊಂದು ಮಗುಗೂ ಹೊಸದಾಗಿ ಎತ್ತಬೇಕು. ಅಣ್ಣನಿಗೆ ಕೆಟ್ಟದ್ದು ಬಂತು ಅಂತ ತಮ್ಮನಿಗೆ ಒಳ್ಳೇದೇ ಬರಬೇಕು ಅಂತಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ನಿಮಗೆ ಇಲ್ಲ ತಾತ. ಯಾವತ್ತೂ ಇರಲಿಲ್ಲ. ನಿಮ್ಮ ಅಣ್ಣನಿಗೆ ಇತ್ತು. ಅವರಿಂದ ಇವರಿಗೆ ಬಂದಿದೆ.”

ಇವರು ಎಂದರೆ ಇಸೌರಾ. ಮಗಳಿದ್ದಾಳೆಯೇ ಎಂದು ವೈದ್ಯೆ ಕೇಳಿದಳು. ಇದ್ದಾಳೆ ಎಂದಾಗ, ಅವಳಿಗೂ ಬಂದಿರಬಹುದು, ಬಂದಿಲ್ಲದೆಯೂ ಇರಬಹುದು, ಅರ್ಧಕ್ಕರ್ಧ ಎಂದಳು. ಮದ್ದು ಇದೆಯೇ ಎಂದು ಕೇಳಿದ್ದಕ್ಕೆ, ಇನ್ನೂ ಇಲ್ಲ ಎಂದು ಕಾಗದಗಳನ್ನು ಜೋಡಿಸತೊಡಗಿದಳು.

ವಾಪಸು ಬರುವ ಬಸ್ಸಿನಲ್ಲಿ ಫಿರ್ಮೀನು, “ನನ್ನಷ್ಟು ದೊಡ್ಡ ಪೆದ್ದ ಈ ಬಸ್ಸಲ್ಲಿ ಇನ್ನೊಬ್ಬ ಇಲ್ಲ ಕಣಮ್ಮಾ,” ಎಂದ. ನಗಲು ನೋಡಿದ, ಆಗಲಿಲ್ಲ. “ಆಲ್ಬೆರ್ಟಿನಾಗೆ ಹೇಳಬೇಡ. ಹೇಳಿದ್ರೆ ನನ್ನ ಮುಖ ಎಲ್ಲಿಡ್ಲಿ?”

“ಸಿದಾಲಿಯಾಗೆ ಏನು ಹೇಳ್ಲಿ ಚಿಕ್ಕಪ್ಪ?”

“ನನಗೆ ಹೇಳೋರು ಇದ್ರು, ಊರೆಲ್ಲಾ ಹೇಳ್ತು. ನಿಮ್ಮಪ್ಪನಿಗೆ ಯಾರೂ ಹೇಳಲಿಲ್ಲ. ಅವನು ಕುಣಿದ, ನಾನು ಕೂತೆ. ಆದ್ರೆ ಅವನು ಕುಣೀದೇ ಇದ್ದಿದ್ರೆ ನೀನು ಹುಟ್ತಿರಲಿಲ್ಲ, ನಿನಗೆ ಇದು ಬರ್ತಲೂ ಇರಲಿಲ್ಲ. ನನಗೆ ಗೊತ್ತಾಗ್ತಿಲ್ಲ ಮಗಾ. ನನ್ನನ್ನ ಕೇಳಬೇಡ.”

ಅಷ್ಟು ಹೇಳಿ ಅವನು ಕಣ್ಣು ಮುಚ್ಚಿಕೊಂಡ. ಇಸೌರಾ ಅಂದಿನಿಂದ ಪ್ರತಿದಿನ ಹೇಳಬೇಕೆಂದುಕೊಂಡಳು, ಪ್ರತಿದಿನ ನುಂಗಿಕೊಂಡಳು. ಅಷ್ಟರಲ್ಲಿ ಎರ್ಮೆಲಿಂದಾಳ ಮನೆಯಿಂದ ಸಂಬಂಧ ಬಂತು. ಹುಡುಗಿ ಮನೆಯೊಳಗೆ ಹಾಡಿಕೊಂಡು ಓಡಾಡತೊಡಗಿದಳು. ಹಾಡುವವಳ ಬಾಯಿ ಮುಚ್ಚಿಸುವುದು ಹೇಗೆ?

*

ಮಣ್ಣು ಹಾಕಿ ಮುಗಿಯಿತು. ಪಾದ್ರಿ ಬೇಗ ಬೇಗ ಪ್ರಾರ್ಥನೆ ಮುಗಿಸಿ ಕೆಮ್ಮುತ್ತ ಹೋದರು. ರಾವುಲ್ ಕೈ ಕೊಡವಿ, “ಇನ್ನು ಈ ಮನೆಗೆ ಯಾವ ಪೀಡೆನೂ ಇಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಜನ ಅವನ ಬೆನ್ನು ತಟ್ಟಿ, ಬ್ರೆಡ್ಡು, ಒಣಮೀನು, ವೈನು ಕಾದಿದ್ದ ಅವನ ಮನೆಯ ಕಡೆ ನಡೆದರು. ಗೋರಿಯ ಹತ್ತಿರ ಉಳಿದದ್ದು ಆಲ್ಬೆರ್ಟಿನಾ, ಇಸೌರಾ ಇಬ್ಬರೇ.

“ಅವನ ಕಾಲು ನೋಡಿದೆ ನಾನು,” ಎಂದಳು ಆಲ್ಬೆರ್ಟಿನಾ. “ಮೀನಖಂಡ ಕಲ್ಲಿನ ಹಾಗಿತ್ತು. ಅವನಿಗೆ ಬೇನೆ ಬರಲೇ ಇಲ್ಲ, ಅಲ್ವಾ?”

“ಇಲ್ಲ ಚಿಕ್ಕಮ್ಮ.”

“ಅವನಿಗೆ ಗೊತ್ತಿತ್ತಾ?”

ಇಸೌರಾ ಕೊಟ್ಟ ಮಾತನ್ನು ನೆನೆದಳು. ಮಾತು ಪಡೆದವನು ಮಣ್ಣಿನಡಿ ಇದ್ದ. “ಗೊತ್ತಿತ್ತು. ಒಂದು ವರ್ಷದಿಂದ. ನಿಮಗೆ ಹೇಳಬೇಡ ಅಂದಿದ್ರು.”

ಆಲ್ಬೆರ್ಟಿನಾ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. “ಒಂದು ವರ್ಷ,” ಎಂದಳು. “ಎದುರು ಬಾಗಿಲಲ್ಲೇ ಇದ್ದ. ದಿನಾ ಬೆಳಿಗ್ಗೆ ನಮಸ್ಕಾರ ಅಂತಿದ್ದ, ಇವತ್ತು ಗಾಳಿ ಜೋರು ಅಂತಿದ್ದ. ಈ ಮುದಿ ವಯಸ್ಸಲ್ಲಿ ಮದುವೆ ಬೇಡ ಬಿಡು, ಹಾಳಾಗ್ಲಿ. ಬೈಯೋಕಾದ್ರೂ ಒಂದು ವರ್ಷ ಸಿಕ್ತಿತ್ತಲ್ಲೇ ನನಗೆ! ಹೊಟ್ಟೆ ತುಂಬಾ ಬೈದು, ಆಮೇಲೆ ಒಂದು ತಟ್ಟೆ ಸೂಪು ಹಾಕ್ತಿದ್ದೆ. ಅದನ್ನೂ ಕಿತ್ಕೊಂಡ್ನಲ್ಲ, ಹೇಡಿ!” ಹಸಿ ಮಣ್ಣಿನ ಮೇಲೆ ಒಮ್ಮೆ ಉಗಿದಳು. ಮರುಕ್ಷಣವೇ ಬಗ್ಗಿ ಉಗಿದದ್ದನ್ನು ಶಾಲಿನ ತುದಿಯಿಂದ ಒರೆಸಿ, ಅಲ್ಲೇ ಕುಕ್ಕರಿಸಿ ಅಳತೊಡಗಿದಳು.

ಇಸೌರಾ ಅವಳನ್ನು ಎಬ್ಬಿಸಲು ಹೋಗಲಿಲ್ಲ. ತಾನೂ ಮಗಳಿಂದ ಒಂದು ವರ್ಷವನ್ನು ಕಿತ್ತುಕೊಂಡಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಬರುವ ತಿಂಗಳು ಮದುವೆಯ ದಿನ, ನಮ್ಮ ರೂಢಿಯಂತೆ ಇಗರ್ಜಿಯ ಮೇಜಿನ ಮೇಲೆ ಗಂಡಿನ ಮನೆಯವರ ಗುರುತು ಕೆತ್ತಿಸಿಕೊಂಡು ಹುಡುಗಿ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಹೇಳದಿದ್ದರೆ ಇನ್ನು ಯಾವಾಗ? ಅವಳು ತಿರುಗಿ, ಗೇಟಿನ ಬಳಿ ಕಾಯುತ್ತಿದ್ದ ಸಿದಾಲಿಯಾಳ ಕಡೆ ನಡೆದಳು.

“ಬಾ ಮಗಾ, ಮನೆಗೆ ಹೋಗೋಣ.”

“ರಾವುಲ್ ಮಾವನ ಮನೆಗಲ್ವಾ? ಎಲ್ಲಾ ಅಲ್ಲಿಗೇ ಹೋದ್ರು, ಎರ್ಮೆಲಿಂದಾ ಅತ್ತೆಯವರೂ...”

“ಆಮೇಲೆ ಹೋದ್ರಾಯ್ತು.”

ಇಬ್ಬರೂ ಅಡುಗೆಮನೆಗೆ ಬಂದರು. ವರ್ಣತಂತು, ಜೋಡಿ, ಹದಿನೆಂಟು; ದಾರಿಯುದ್ದಕ್ಕೂ ಇಸೌರಾ ಜೋಡಿಸಿಕೊಂಡ ಮಾತೆಲ್ಲ ಮಗಳ ಮುಖ ನೋಡಿದೊಡನೆ ಉದುರಿಹೋಯಿತು. ಅವಳು ಒಲೆ ಹೊತ್ತಿಸಿ ನೀರಿಟ್ಟಳು. ಕಾಯುವವರೆಗೂ ಬೆನ್ನು ಹಾಕಿ ನಿಂತಿದ್ದಳು. ಹಬೆಯಾಡುವ ನೀರನ್ನು ತವರದ ಬೋಗುಣಿಗೆ ಸುರಿದು, ಕುರ್ಚಿಯ ಮೇಲೆ ಕೂತು, ಕಪ್ಪು ಕಾಲುಚೀಲವನ್ನು ಬಿಚ್ಚಿ ಪಾದವನ್ನು ಒಳಗಿಟ್ಟಳು.

“ಅಮ್ಮಾ, ತಣ್ಣೀರು ಬೆರೆಸಿಲ್ಲ!” ಎಂದು ಸಿದಾಲಿಯಾ ಧಾವಿಸಿ ನೀರಿಗೆ ಕೈ ಹಾಕಿದಳು. ಬೆರಳು ತಾಗಿದ್ದೇ ಚೀರಿ ಹಿಂದಕ್ಕೆಳೆದುಕೊಂಡಳು. ಇಸೌರಾ ಅಲುಗಲಿಲ್ಲ. ನೀರಿನೊಳಗೆ ಅವಳ ಪಾದ ಕೆಂಪಗಾಗುತ್ತಿತ್ತು.

“ನಿಮ್ಮ ತಾತ ಕುಡಿದು ಸತ್ತಿದ್ದಲ್ಲ ಮಗಾ.”

ಹುಡುಗಿ ಅಮ್ಮನ ಮುಖ ನೋಡಿದಳು, ಪಾದ ನೋಡಿದಳು. ಈ ಬೀದಿಯಲ್ಲಿ ಹುಟ್ಟಿದವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ತಟ್ಟನೆ ಅವಳು ತನ್ನ ಶೂ ಒದ್ದು ಎಸೆದು, ಕಾಲುಚೀಲ ಕಿತ್ತು, ಇಸೌರಾ ತಡೆಯುವಷ್ಟರಲ್ಲಿ ಕಾಲನ್ನು ಬೋಗುಣಿಗೆ ಇಳಿಸಿಯೇಬಿಟ್ಟಳು.

ಅವಳ ಚೀರಾಟ ಬೀದಿಗೆ ಕೇಳಿಸಿರಬೇಕು. ಒಂಟಿಕಾಲಲ್ಲಿ ಕುಪ್ಪಳಿಸಿ ಗೋಡೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದರ ನಡುವೆಯೇ ನಗತೊಡಗಿದಳು. “ಉರೀತು ಅಮ್ಮಾ! ನಂಗೆ ಉರೀತು! ನಂಗಿಲ್ಲ, ನೋಡು, ನಂಗಿಲ್ಲ!”

ಇಪ್ಪತ್ತರಲ್ಲಿ ಇಸೌರಾಳ ಕಾಲೂ ಉರಿಯುತ್ತಿತ್ತು. ಬೇಸಿಗೆಯ ಮರಳಿನ ಮೇಲೆ ಚಪ್ಪಲಿಯಿಲ್ಲದೆ ಒಂದು ಹೆಜ್ಜೆ ಇಡಲಾಗದೆ ಕಿರುಚುತ್ತಿದ್ದಳು.

“ಕೂತ್ಕೋ ಮಗಾ,” ಎಂದಳು. “ಹೇಳೋದು ಇನ್ನೂ ಇದೆ.”

ನಗುತ್ತಲೇ ಸಿದಾಲಿಯಾ ಎದುರಿಗೆ ಕುಸಿದಳು. ಇಸೌರಾ ಮಗಳ ಕೆಂಪೇರಿದ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಹೂಜಿಯಿಂದ ತಣ್ಣೀರನ್ನು ಸಣ್ಣಗೆ ಸುರಿಯತೊಡಗಿದಳು. ತಣ್ಣಗೆ ತಾಗಿದಾಗಲೆಲ್ಲ ಆ ಐದು ಬೆರಳುಗಳು ಮುದುರಿಕೊಳ್ಳುತ್ತಿದ್ದವು, ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಅವಳ ಸ್ವಂತ ಕಾಲು ಹಬೆಯಾಡುವ ನೀರಿನಲ್ಲೇ ಮರೆತುಹೋಗಿತ್ತು.